ಮುದಿ ನಾಯಿಗೆ ಅರಳುಮರಳಾದರೆ: ಮನೆಯಲ್ಲಿ ಏನೇನು ಮಾಡಬಹುದು, ಹಂತ ಹಂತವಾಗಿ

ನನಗೆ ಬರುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ನಮ್ಮ ನಾಯಿಗೆ ಹದಿಮೂರು ವರ್ಷ. ರಾತ್ರಿ ಎರಡು ಗಂಟೆಗೆ ಎದ್ದು ಮನೆಯೆಲ್ಲಾ ಸುತ್ತುತ್ತೆ, ಗೋಡೆ ನೋಡ್ಕೊಂಡು ನಿಲ್ಲುತ್ತೆ, ಸುಮ್‌ಸುಮ್ನೆ ಬೊಗಳುತ್ತೆ. ಏನು ಮಾಡೋದು?" ಒಬ್ಬರ ಮನೆಯಲ್ಲಿ ಲ್ಯಾಬ್ರಡಾರ್, ಇನ್ನೊಬ್ಬರದು ಪಾಮೇರಿಯನ್, ಮತ್ತೊಬ್ಬರದು ಬೀದಿಯಿಂದ ಎತ್ತಿಕೊಂಡು ಬಂದು ಸಾಕಿದ ನಾಡ ನಾಯಿ. ಕಷ್ಟ ಮಾತ್ರ ಅದೇ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರ ಕೊಡುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆಯುತ್ತಿದ್ದೇನೆ.

ವಯಸ್ಸಾದ ನಾಯಿಯ ನಡವಳಿಕೆ ಬದಲಾದರೆ ಅದರ ಹಿಂದೆ ಸಾಮಾನ್ಯವಾಗಿ ಮೂರರಲ್ಲಿ ಒಂದು ಕಾರಣ ಇರುತ್ತದೆ. ದೇಹದಲ್ಲಿ ಎಲ್ಲೋ ನೋವು ಅಥವಾ ಕಾಯಿಲೆ. ಇಲ್ಲವೇ ಕಣ್ಣು, ಕಿವಿ ಮಂದವಾಗಿರುವುದು. ಇಲ್ಲವೇ ಮೆದುಳೇ ಸವೆಯುತ್ತಿರುವುದು. ಎಷ್ಟೋ ನಾಯಿಗಳಿಗೆ ಮೂರೂ ಸ್ವಲ್ಪ ಸ್ವಲ್ಪ ಇರುತ್ತದೆ. ಮೂರಕ್ಕೂ ಮಾಡಬೇಕಾದ್ದು ಬೇರೆ ಬೇರೆ. ಯಾವುದು ಅಂತ ಗೊತ್ತುಮಾಡಿಕೊಳ್ಳದೆ "ರಾತ್ರಿ ಮಲಗೋಕೆ ಒಂದು ಮಾತ್ರೆ ಕೊಡಿ ಡಾಕ್ಟ್ರೇ" ಅಂತ ಕೇಳುವುದೇ ಜನ ಎಡವುವ ಮೊದಲ ಜಾಗ. ಎರಡನೆಯದು ಇದಕ್ಕಿಂತ ಕೆಟ್ಟದ್ದು, "ವಯಸ್ಸಾಯ್ತು ಬಿಡಿ" ಅಂತ ಕೈಬಿಡುವುದು.

ಯಾವಾಗಿನಿಂದ ಎಚ್ಚರ ಬೇಕು? ಗ್ರೇಟ್ ಡೇನ್, ಸೇಂಟ್ ಬರ್ನಾರ್ಡ್‌ನಂಥ ಭಾರೀ ತಳಿಗಳಿಗೆ ಆರೇಳು ವರ್ಷಕ್ಕೇ ವಯಸ್ಸು ತಿರುಗುತ್ತದೆ. ಸಣ್ಣ ತಳಿಗಳಿಗೆ ಒಂಬತ್ತು ಹತ್ತು ಆಗುತ್ತದೆ. ಲ್ಯಾಬ್, ಮುಧೋಳ, ನಾಡ ನಾಯಿಗಳು ನಡುವೆ ಎಲ್ಲೋ. ಮನಸ್ಸಿನ ಮಂಕು ಎಷ್ಟು ಸಾಮಾನ್ಯ ಅನ್ನುವುದಕ್ಕೆ ಒಂದು ಲೆಕ್ಕ ಇದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್‌ನವರು 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 11-12 ವರ್ಷದ ನಾಯಿಗಳಲ್ಲಿ ಶೇ. 28ಕ್ಕೆ, 15-16 ವರ್ಷದವುಗಳಲ್ಲಿ ಶೇ. 68ಕ್ಕೆ ಇಂಥ ಒಂದಾದರೂ ಲಕ್ಷಣ ಕಂಡಿತ್ತು. ಅಂದರೆ ನಿಮ್ಮ ಮನೆಯಲ್ಲಿ ಮಾತ್ರ ಹೀಗಾಗುತ್ತಿಲ್ಲ.

1. ಮೊದಲು ಒಂದು ವಾರ ಸುಮ್ನೆ ನೋಡಿ, ಬರೆದಿಡಿ

ಒಂದು ಹಳೇ ಡೈರಿ ಸಾಕು. ಮೊಬೈಲಾದರೂ ಆಯಿತು. ಪಶುವೈದ್ಯರು ಆರು ಗುಂಪು ಮಾಡಿಕೊಂಡು ಲಕ್ಷಣಗಳನ್ನು ನೋಡುತ್ತಾರೆ. ನೀವೂ ಅದೇ ಲೆಕ್ಕದಲ್ಲಿ ಬರೆಯಿರಿ.

ದಿಕ್ಕು ತಪ್ಪುವುದು: ಬಾಗಿಲು ತೆರೆಯುವ ಕಡೆ ಬಿಟ್ಟು ಕೀಲಿನ ಕಡೆ ಹೋಗಿ ನಿಲ್ಲುವುದು, ಸೋಫಾ ಹಿಂದೆ ಅಥವಾ ಬೀರು ಸಂದಿಗೆ ಹೋಗಿ ಹಿಂದಕ್ಕೆ ಬರಲು ತಿಳಿಯದಿರುವುದು, ಕೆಳಗೆ ಬಿದ್ದ ತಿಂಡಿ ಸಿಗದಿರುವುದು.
ಮನೆಯವರ ಜೊತೆಗಿನ ಒಡನಾಟ: ಮೊದಲು ಗೇಟಿಗೆ ಓಡಿ ಬರುತ್ತಿದ್ದದ್ದು ಈಗ ತಲೆ ಎತ್ತದಿರುವುದು, ಅಥವಾ ಉಲ್ಟಾ, ಬಾತ್‌ರೂಮಿಗೂ ಬೆನ್ನು ಬಿಡದಿರುವುದು.
ನಿದ್ದೆ: ಹಗಲೆಲ್ಲಾ ಮಲಗಿ ರಾತ್ರಿ ಎಚ್ಚರ.
ಕಲಿತದ್ದು ಮರೆಯುವುದು: ಮನೆಯೊಳಗೇ ಉಚ್ಚೆ, ಕಕ್ಕ. ಹೊರಗೆ ಸುತ್ತಾಡಿಸಿ ಕರೆತಂದ ಐದು ನಿಮಿಷಕ್ಕೇ.
ಚಟುವಟಿಕೆ: ಆಟ ನಿಂತಿದೆಯೇ, ಗುರಿಯಿಲ್ಲದೆ ಸುತ್ತು ಹೊಡೆಯುತ್ತಿದೆಯೇ.
ಆತಂಕ: ಒಂಟಿ ಬಿಟ್ಟರೆ, ಕತ್ತಲಾದರೆ, ಹೊಸಬರು ಬಂದರೆ ಹೊಸದಾಗಿ ಹೆದರುತ್ತಿದೆಯೇ.

ಪ್ರತಿಯೊಂದರ ಪಕ್ಕ ಹೊತ್ತು ಬರೆಯಿರಿ. ಯಾವಾಗಿನಿಂದ ಶುರುವಾಯಿತು ಅನ್ನುವುದನ್ನೂ ಬರೆಯಿರಿ, ಇದು ತುಂಬಾ ಮುಖ್ಯ. ಅರಳುಮರಳು ತಿಂಗಳುಗಟ್ಟಲೆ ನಿಧಾನವಾಗಿ ಬರುತ್ತದೆ. ಎರಡು ದಿನದಲ್ಲಿ ದಿಢೀರನೆ ಬದಲಾಗಿದ್ದರೆ ಅದು ಬೇರೆ ಏನೋ. ಮತ್ತೆ ಒಂದೆರಡು ಚಿಕ್ಕ ವಿಡಿಯೋ ತೆಗೆದುಕೊಳ್ಳಿ. ಆಸ್ಪತ್ರೆಯ ಟೇಬಲ್ ಮೇಲೆ ನಿಲ್ಲಿಸಿದಾಗ ನಾಯಿ ಭಯಕ್ಕೆ ನೆಟ್ಟಗೆ ನಿಂತುಬಿಡುತ್ತದೆ, ಕುಂಟುವುದನ್ನೂ ಮರೆಯುತ್ತದೆ. ಡಾಕ್ಟರಿಗೆ ರಾತ್ರಿಯ ವಿಡಿಯೋ ತೋರಿಸಿದರೆ ನಿಮ್ಮ ಅರ್ಧ ಗಂಟೆಯ ವಿವರಣೆ ಉಳಿಯುತ್ತದೆ.

2. ಪಶುವೈದ್ಯರ ಹತ್ತಿರ ಹೋಗಿ, ನೋವನ್ನು ಮೊದಲು ಹುಡುಕಿಸಿ

ಈ ಹಂತ ಹಾರಿಸಬೇಡಿ. ರಾತ್ರಿ ಓಡಾಡುವ ನಾಯಿಗಳಲ್ಲಿ ಎಷ್ಟೋ ನಾಯಿಗಳಿಗೆ ಇರುವುದು ಕೀಲುನೋವು. ಸೊಂಟ, ಮಂಡಿ, ಬೆನ್ನುಮೂಳೆ. ಹಗಲು ಅತ್ತ ಇತ್ತ ಓಡಾಡಿಕೊಂಡಿರುವಾಗ ಗೊತ್ತಾಗುವುದಿಲ್ಲ, ರಾತ್ರಿ ಒಂದೇ ಮಗ್ಗುಲಲ್ಲಿ ಮಲಗಿದರೆ ನೋವು ಹಿಡಿದುಕೊಳ್ಳುತ್ತದೆ, ಎದ್ದು ಸುತ್ತುತ್ತದೆ, ಮತ್ತೆ ಮಲಗುತ್ತದೆ, ಮತ್ತೆ ಏಳುತ್ತದೆ. ಸೆಕೆಯಿಲ್ಲದಿದ್ದರೂ ಏದುಸಿರು ಬಿಡುವುದು, ಒಂದೇ ಕೀಲನ್ನು ನೆಕ್ಕುತ್ತಾ ಕೂರುವುದು, ಮೆಟ್ಟಿಲ ಮುಂದೆ ಯೋಚನೆ ಮಾಡುವುದು, ಮುಟ್ಟಿದರೆ ಗುರ್ ಅನ್ನುವುದು ಇವೆಲ್ಲ ನೋವಿನ ಗುರುತು. ನಾಯಿ ಕುಂಯ್ ಅನ್ನುತ್ತಿಲ್ಲ ಅಂದಮಾತ್ರಕ್ಕೆ ನೋವಿಲ್ಲ ಅಂತಲ್ಲ.

ಏನೇನು ಪರೀಕ್ಷೆ ಕೇಳಬೇಕು? ರಕ್ತದ ಪೂರ್ತಿ ಎಣಿಕೆ, ಮೂತ್ರಪಿಂಡ ಮತ್ತು ಲಿವರ್, ಸಕ್ಕರೆ, ಥೈರಾಯ್ಡ್, ಮೂತ್ರ ಪರೀಕ್ಷೆ, ಸಾಧ್ಯವಿದ್ದರೆ ರಕ್ತದೊತ್ತಡ. ಹಲ್ಲು ತೋರಿಸಿ, ಕೊಳೆತ ಹಲ್ಲು ಎಂಥ ನಾಯಿಯನ್ನೂ ಮಂಕು ಮಾಡುತ್ತದೆ. ನಮ್ಮ ಕಡೆ ಉಣ್ಣೆ ಕಾಟ ಜಾಸ್ತಿ ಅಲ್ವಾ, ಆದ್ದರಿಂದ ಉಣ್ಣೆಯಿಂದ ಬರುವ ಎರ್ಲಿಕಿಯಾ ಅನ್ನುವ ರಕ್ತದ ಸೋಂಕು ಇದೆಯೇ ಅಂತಲೂ ನೋಡಿಸಿ. ಅದು ಹಳೆಯದಾಗಿ ಉಳಿದುಕೊಂಡಿದ್ದರೆ ನಾಯಿ ಸುಸ್ತಾಗಿ, ಊಟ ಬಿಟ್ಟು ಮೂಲೆ ಹಿಡಿಯುತ್ತದೆ, ಮನೆಯವರು ವಯಸ್ಸು ಅಂದುಕೊಳ್ಳುತ್ತಾರೆ. ಊರಿನ ಪಶು ಆಸ್ಪತ್ರೆಯಲ್ಲಿ ಇಷ್ಟೆಲ್ಲಾ ಆಗದಿದ್ದರೆ ಪಶುವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಿವೆ. ಬೆಂಗಳೂರಿನ ಹೆಬ್ಬಾಳ, ಶಿವಮೊಗ್ಗ, ಹಾಸನ, ಬೀದರ್, ಗದಗ ಇವುಗಳಲ್ಲಿ ಹತ್ತಿರದ್ದಕ್ಕೆ ಹೋಗಬಹುದು.

ಎಲ್ಲವನ್ನೂ ನೋಡಿ, ಬೇರೆ ಕಾಯಿಲೆ ಇಲ್ಲ ಅಂತಾದ ಮೇಲೇ ವೈದ್ಯರು 'ಕಾಗ್ನಿಟಿವ್ ಡಿಸ್‌ಫಂಕ್ಷನ್' ಅನ್ನುವ ಮಾತು ಆಡುತ್ತಾರೆ. ನಾಯಿಗಳ ಮರೆವಿನ ಕಾಯಿಲೆ ಅಂತಿಟ್ಟುಕೊಳ್ಳಿ. ಮನುಷ್ಯರ ಆಲ್ಝೈಮರ್ಸ್‌ನಲ್ಲಿ ಮೆದುಳಲ್ಲಿ ಕಟ್ಟಿಕೊಳ್ಳುವ ಅಮಿಲಾಯ್ಡ್ ಅನ್ನುವ ಪ್ರೋಟೀನ್ ಜಿಗುಟು ಇದರಲ್ಲೂ ಕಾಣುತ್ತದೆ. ಇದಕ್ಕೆ ಒಂದು ರಕ್ತ ಪರೀಕ್ಷೆ ಮಾಡಿ 'ಹೌದು' ಅಂತ ಹೇಳಲು ಬರುವುದಿಲ್ಲ, ಅದಕ್ಕೇ ನಿಮ್ಮ ಡೈರಿಗೆ ಅಷ್ಟು ಬೆಲೆ.

ಕಾಯದೆ ಓಡಬೇಕಾದ ಸಂದರ್ಭಗಳು: ಫಿಟ್ಸ್ ಬಂದರೆ. ತಲೆಯನ್ನು ಗೋಡೆಗೆ ಒತ್ತಿ ಹಿಡಿದು ನಿಂತರೆ (ಗೋಡೆ ನೋಡುತ್ತಾ ನಿಲ್ಲುವುದಲ್ಲ, ಒತ್ತುವುದು, ಇದು ಮೆದುಳು ಅಥವಾ ಲಿವರ್ ತೊಂದರೆಯ ಗುರುತಾಗಿರಬಹುದು). ದಿಢೀರನೆ ಕಣ್ಣು ಕಾಣದಂತಾದರೆ. ಇದ್ದಕ್ಕಿದ್ದಂತೆ ತಲೆ ಒಂದು ಕಡೆ ವಾಲಿ, ಕಣ್ಣುಗುಡ್ಡೆ ಪಟಪಟ ಅತ್ತಿತ್ತ ಆಡಿ, ನಾಯಿ ಬಿದ್ದು ಹೊರಳಾಡಿದರೆ. ಈ ಕೊನೆಯದನ್ನು ನೋಡಿ ಜನ ಲಕ್ವ ಹೊಡೆಯಿತು, ಕಥೆ ಮುಗಿಯಿತು ಅಂದುಕೊಳ್ಳುತ್ತಾರೆ. ಎಷ್ಟೋ ಸಲ ಅದು ಒಳಕಿವಿಯ ಸಮತೋಲ ತಪ್ಪಿದ್ದು, ಮುದಿ ನಾಯಿಗಳಿಗೆ ಬರುವಂಥದ್ದೇ, ಕೆಲವು ದಿನಗಳಿಂದ ಕೆಲವು ವಾರಗಳಲ್ಲಿ ಬಹಳಷ್ಟು ನಾಯಿಗಳು ಸುಧಾರಿಸಿಕೊಳ್ಳುತ್ತವೆ. ಆಸ್ಪತ್ರೆಗೆ ಹೋಗಿ, ಆದರೆ ಹೆದರಿ ಆ ದಿನವೇ ಕೊನೆಯ ತೀರ್ಮಾನ ಮಾಡಬೇಡಿ.

ಇಲ್ಲೇ ಒಂದು ಎಚ್ಚರಿಕೆ. ನೋವಿಗೆ ಅಂತ ಮನೆಯ ಡಬ್ಬಿಯಲ್ಲಿರುವ ಪ್ಯಾರಸಿಟಮಾಲ್, ಐಬುಪ್ರೊಫೆನ್, ಡೈಕ್ಲೊಫೆನಾಕ್ ಕೊಡಬೇಡಿ. ಅರ್ಧ ಮಾತ್ರೆಯೂ ಬೇಡ. ಹೊಟ್ಟೆಯಲ್ಲಿ ಹುಣ್ಣು, ರಕ್ತಸ್ರಾವ, ಕಿಡ್ನಿ ಕೆಡುವುದು, ಲಿವರ್ ಕೆಡುವುದು ಇದರಿಂದಲೇ. ನಾಯಿಗಳಿಗೇ ಬೇರೆ ನೋವಿನ ಔಷಧಿಗಳಿವೆ, ರಕ್ತ ಪರೀಕ್ಷೆ ನೋಡಿ ಡಾಕ್ಟರ್ ಬರೆದುಕೊಡುತ್ತಾರೆ.

3. ಮನೆಯನ್ನು ಅದಕ್ಕೆ ಅರ್ಥವಾಗುವಂತೆ ಮಾಡಿ

ನಮ್ಮ ಮನೆಗಳ ನೆಲವೇ ಮುದಿ ನಾಯಿಗೆ ದೊಡ್ಡ ಶತ್ರು. ವಿಟ್ರಿಫೈಡ್ ಟೈಲ್ಸ್, ಗ್ರಾನೈಟ್, ನಯವಾದ ರೆಡ್ ಆಕ್ಸೈಡ್, ಎಲ್ಲವೂ ಜಾರುತ್ತವೆ. ಒಮ್ಮೆ ಹಿಂಗಾಲು ಜಾರಿ ಬಿದ್ದ ನಾಯಿ ಆ ಜಾಗ ದಾಟಲು ಹೆದರುತ್ತದೆ, ಹೆದರಿ ಒಂದೇ ಕಡೆ ಕೂರುತ್ತದೆ, ಕೂತು ಕೂತು ಇನ್ನಷ್ಟು ಮಂಕಾಗುತ್ತದೆ. ಹಾಸಿಗೆಯಿಂದ ನೀರಿನ ಬಟ್ಟಲಿಗೆ, ಅಲ್ಲಿಂದ ಹೊರಬಾಗಿಲಿಗೆ ಒಂದು ದಾರಿ ಹಾಸಿಬಿಡಿ. ಜಮಖಾನ, ಹಳೇ ಯೋಗ ಮ್ಯಾಟ್, ಒಗೆದ ಗೋಣಿಚೀಲ ಯಾವುದಾದರೂ ಸರಿ, ಆದರೆ ಅಡಿಯಲ್ಲಿ ಜಾರಬಾರದು. ಪಾದದ ಬೆರಳುಗಳ ನಡುವಿನ ಕೂದಲು, ಬೆಳೆದ ಉಗುರು ಕತ್ತರಿಸಿದರೆ ಅರ್ಧ ಜಾರುವಿಕೆ ಕಡಿಮೆಯಾಗುತ್ತದೆ.

ಪೀಠೋಪಕರಣ ಜಾಗ ಬದಲಾಯಿಸಬೇಡಿ. ಹಬ್ಬಕ್ಕೆ ಮನೆ ಹೊಸದಾಗಿ ಜೋಡಿಸುವ ಆಸೆಯನ್ನು ಒಂದೆರಡು ವರ್ಷ ಮುಂದೂಡಿ. ಸೋಫಾ ಹಿಂದಿನ ಸಂದಿ, ಬೀರು ಪಕ್ಕದ ಮೂಲೆ ಇಂಥವನ್ನು ದಿಂಬೋ ರಟ್ಟಿನ ಪೆಟ್ಟಿಗೆಯೋ ಇಟ್ಟು ಮುಚ್ಚಿ. ಮೆಟ್ಟಿಲಿಗೆ ಮಕ್ಕಳ ಗೇಟು ಹಾಕಿ. ಸಂಪಿನ ಮುಚ್ಚಳ, ಬಾವಿಕಟ್ಟೆ, ಗೋಡೆಯಿಲ್ಲದ ತಾರಸಿ ಇವನ್ನೆಲ್ಲ ಒಮ್ಮೆ ಸುತ್ತಿ ನೋಡಿ ಬನ್ನಿ.

ರಾತ್ರಿ ಒಂದು ಜೀರೋ ಬಲ್ಬ್ ಉರಿಯಲಿ. ಕಣ್ಣು ಮಂದವಾದ ನಾಯಿಗೆ ಮಬ್ಬುಗತ್ತಲಲ್ಲಿ ಮನೆಯೇ ಬೇರೆ ಮನೆಯಾಗಿ ಕಾಣುತ್ತದೆ. ಅಂದಹಾಗೆ ಕಣ್ಣುಗುಡ್ಡೆ ನೀಲಿಬೂದಿ ಬಣ್ಣಕ್ಕೆ ತಿರುಗಿದ್ದೆಲ್ಲ ಪೊರೆಯಲ್ಲ. ವಯಸ್ಸಾದಂತೆ ಮಸೂರ ಗಟ್ಟಿಯಾಗಿ ಹಾಗೆ ಕಾಣುವುದುಂಟು, ಅದರಲ್ಲಿ ದೃಷ್ಟಿ ಅಷ್ಟೇನೂ ಹೋಗುವುದಿಲ್ಲ. ಯಾವುದು ಅಂತ ಡಾಕ್ಟರ್ ದೀಪ ಹಿಡಿದು ನೋಡಿ ಹೇಳುತ್ತಾರೆ. ಇನ್ನೊಂದು ವಿಷಯ, ನಾಯಿಗಳಿಗೆ ಚೆನ್ನಾಗಿ ಕಾಣುವ ಬಣ್ಣ ನೀಲಿ ಮತ್ತು ಹಳದಿ. ಕೆಂಪು ಮಂಕಾಗಿ ಕಾಣುತ್ತದೆ. ಮೆಟ್ಟಿಲಂಚಿಗೆ ಹಳದಿ ಟೇಪು, ನೀರಿಗೆ ನೀಲಿ ಬಟ್ಟಲು ಇಟ್ಟರೆ ಪಾಪ ಹುಡುಕಾಟ ಕಡಿಮೆ.

ಕಿವಿ ಕೇಳದ ನಾಯಿಯನ್ನು ಹಿಂದಿನಿಂದ ಮುಟ್ಟಬೇಡಿ. ಮಲಗಿದ್ದರೆ ಮೂಗಿನ ಹತ್ತಿರ ಕೈ ಹಿಡಿಯಿರಿ, ನಿಮ್ಮ ವಾಸನೆಗೆ ತಾನೇ ಏಳುತ್ತದೆ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಮಲಗಿದ ನಾಯಿಯನ್ನು ಯಾರೂ ಎಬ್ಬಿಸಬಾರದು ಅಂತ ಒಂದು ನಿಯಮ ಮಾಡಿ. ಬೆಚ್ಚಿಬಿದ್ದು ಕಚ್ಚಿದ ಮೇಲೆ 'ಬುದ್ಧಿ ಕೆಟ್ಟಿದೆ' ಅನ್ನುವುದು ನ್ಯಾಯವಲ್ಲ.

ಹೊರಗೆ ವರಾಂಡದಲ್ಲಿ ಸರಪಳಿ ಹಾಕಿ ಕಟ್ಟುವ ಮನೆಯವರಿಗೆ ಒಂದು ಮಾತು. ಸುತ್ತುವ ಚಾಳಿ ಬಂದ ನಾಯಿ ಕಂಬಕ್ಕೆ ಸುತ್ತಿ ಸುತ್ತಿ ಸರಪಳಿ ಬಿಗಿದುಕೊಂಡು ಒದ್ದಾಡುತ್ತದೆ. ಮಲೆನಾಡಿನವರಿಗಂತೂ ಚಿರತೆಯ ಭಯ ಹೇಳಬೇಕಾಗಿಲ್ಲ. ರಾತ್ರಿ ಒಳಗೆ ಕರೆದುಕೊಳ್ಳಿ. ಕೊರಳಪಟ್ಟಿಗೆ ನಿಮ್ಮ ಫೋನ್ ನಂಬರ್ ಇರುವ ಬಿಲ್ಲೆ ಹಾಕಿ. ಹತ್ತು ವರ್ಷ ಗೇಟು ದಾಟದ ನಾಯಿಯೂ ಈಗ ತೆರೆದ ಗೇಟಿನಿಂದ ಹೊರಟು ದಾರಿ ಮರೆಯಬಹುದು.

4. ದಿನಕ್ಕೊಂದು ಚೌಕಟ್ಟು ಹಾಕಿ

ನೆನಪು ಕೈಕೊಡುವ ನಾಯಿಗೆ ಗಡಿಯಾರದ ಹಾಗೆ ನಡೆಯುವ ದಿನವೇ ಊರುಗೋಲು. ಏಳುವುದು, ಹೊರಗೆ ಹೋಗುವುದು, ಊಟ, ಆಟ, ಮಲಗುವುದು ಇವೆಲ್ಲ ದಿನಾ ಅದೇ ಹೊತ್ತಿಗೆ, ಅದೇ ಕ್ರಮದಲ್ಲಿ ಆಗಲಿ. ಭಾನುವಾರವೂ ಅಷ್ಟೆ.

ಒಂದೇ ಉದ್ದದ ವಾಕಿಂಗ್ ಬೇಡ. ಹತ್ತು ಹದಿನೈದು ನಿಮಿಷದ್ದು ಮೂರು ನಾಲ್ಕು ಸಲ. ಬೆಳಗಿನ ಬಿಸಿಲಿಗೆ ಖಂಡಿತ ಕರೆದೊಯ್ಯಿರಿ, ಹಗಲು ಯಾವುದು ರಾತ್ರಿ ಯಾವುದು ಅಂತ ಮೆದುಳಿಗೆ ತಿಳಿಸುವುದು ಆ ಬೆಳಕೇ. ಕಲಬುರಗಿ, ರಾಯಚೂರು, ಬಳ್ಳಾರಿ ಕಡೆಯವರು ಬೇಸಿಗೆಯಲ್ಲಿ ಹೊತ್ತು ಏರುವ ಮುಂಚೆಯೇ ಮುಗಿಸಿ. ಡಾಂಬರಿನ ಮೇಲೆ ನಿಮ್ಮ ಅಂಗೈ ಐದಾರು ಸೆಕೆಂಡ್ ಇಡಲಾಗದಿದ್ದರೆ ಅದರ ಪಾದವನ್ನೂ ಇಡಿಸಬೇಡಿ.

ಬೀದಿನಾಯಿಗಳ ಗುಂಪು ಇರುವ ದಾರಿ ಬಿಡಿ. ನಡಿಗೆ ತೊದಲುವ ಮುದಿ ನಾಯಿಯನ್ನು ಗುಂಪು ಗುರುತಿಸಿ ಮೇಲೆ ಬೀಳುತ್ತದೆ. ಒಮ್ಮೆ ಹಾಗಾದರೆ ಆಮೇಲೆ ಗೇಟು ದಾಟಿಸುವುದೇ ಕಷ್ಟ.

5. ಮೆದುಳಿಗೆ ಕೆಲಸ ಕೊಡಿ, ಅದರಲ್ಲೂ ಮೂಗಿಗೆ

ನನ್ನ ಪ್ರಕಾರ ಎಲ್ಲಕ್ಕಿಂತ ಹೆಚ್ಚು ಫಲ ಕೊಡುವ, ಒಂದು ರೂಪಾಯಿ ಖರ್ಚಿಲ್ಲದ ಹಂತ ಇದೇ, ಜನ ಹೆಚ್ಚು ಬಿಟ್ಟುಬಿಡುವುದೂ ಇದನ್ನೇ. ಬೀಗಲ್ ನಾಯಿಗಳ ಮೇಲೆ ಎರಡು ವರ್ಷಕ್ಕೂ ಮೀರಿ ನಡೆದ ಒಂದು ಪ್ರಯೋಗದ ಫಲಿತಾಂಶ 2005ರಲ್ಲಿ ಬಂತು. ಒಂದು ಗುಂಪಿಗೆ ಆಂಟಿಆಕ್ಸಿಡೆಂಟ್, ಅಂದರೆ ಜೀವಕೋಶದ ಸವೆತ ತಡೆಯುವ ಅಂಶ ಹೆಚ್ಚಿರುವ ಆಹಾರ. ಇನ್ನೊಂದಕ್ಕೆ ವಾಕಿಂಗ್, ಆಟಿಕೆ, ಜೊತೆಗಾರ, ಕಲಿಕೆಯ ಆಟ. ಮತ್ತೊಂದಕ್ಕೆ ಎರಡೂ. ಎರಡೂ ಸಿಕ್ಕ ಮುದಿ ನಾಯಿಗಳೇ ಕಲಿಕೆಯಲ್ಲಿ ಮುಂದಿದ್ದವು. ಆಹಾರ ಬದಲಾಯಿಸಿ ನಾಯಿಯನ್ನು ಮೂಲೆಯಲ್ಲಿ ಮಲಗಲು ಬಿಟ್ಟರೆ ಅರ್ಧ ಕೆಲಸವಷ್ಟೇ ಆಯಿತು.

ಕಣ್ಣು, ಕಿವಿ ಹೋದರೂ ಮೂಗು ಬಹಳ ಕಾಲ ಉಳಿಯುತ್ತದೆ. 2019ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಎರಡು ವಾರ ಮೂಸಿ ಹುಡುಕುವ ಆಟ ಆಡಿದ ನಾಯಿಗಳು, ಪಕ್ಕದಲ್ಲಿ ನಡೆಯುವ ಅಭ್ಯಾಸ ಮಾಡಿದ ನಾಯಿಗಳಿಗಿಂತ ಹೆಚ್ಚು ಭರವಸೆಯಿಂದ ವರ್ತಿಸಿದವು, ಅಂದರೆ ಗೊತ್ತಿಲ್ಲದ ಬಟ್ಟಲಿನ ಹತ್ತಿರಕ್ಕೂ 'ಏನೋ ಇರಬಹುದು' ಅಂತ ಬೇಗ ಹೋದವು. ಆದ್ದರಿಂದ ವಾಕಿಂಗಿನಲ್ಲಿ ಹಗ್ಗ ಎಳೆಯಬೇಡಿ. ಒಂದು ಕಂಬವನ್ನು ಐದು ನಿಮಿಷ ಮೂಸಿದರೆ ಮೂಸಲಿ. ಅದರ ಪತ್ರಿಕೆ ಅದು ಓದಿಕೊಳ್ಳುತ್ತಿದೆ.

ಮನೆಯಲ್ಲಿ ಮಾಡಬಹುದಾದವು:

ಇಡ್ಲಿ ತಟ್ಟೆ ಆಟ. ಹಳೇ ಇಡ್ಲಿ ತಟ್ಟೆಯ ಎರಡು ಮೂರು ಗುಳಿಗಳಲ್ಲಿ ಬೇಯಿಸಿದ ಕೋಳಿ ಚೂರೋ ಕ್ಯಾರೆಟ್ಟೋ ಹಾಕಿ, ಎಲ್ಲಾ ಗುಳಿಗಳ ಮೇಲೂ ಟೆನ್ನಿಸ್ ಚೆಂಡೋ ಬಟ್ಟೆಯುಂಡೆಯೋ ಇಡಿ. ಮೂಸಿ, ಸರಿಸಿ, ತಿನ್ನಬೇಕು.

ಟವೆಲ್ ಸುರುಳಿ. ಹಳೇ ಟವೆಲ್ಲಿನ ಮೇಲೆ ಊಟದ ಕಾಳು ಉದುರಿಸಿ ಸುತ್ತಿ ಕೊಡಿ. ಬಟ್ಟೆ ನುಂಗುವ ಚಾಳಿ ಇರುವ ನಾಯಿಗೆ ಬೇಡ.

ಮೊಟ್ಟೆ ಟ್ರೇ. ರಟ್ಟಿನದು, ಒಳಗೆ ತಿಂಡಿ ಚೂರು. ಹರಿದು ಹಾಕಿದರೆ ಬೈಯಬೇಡಿ, ಹರಿಯಲೆಂದೇ ಕೊಟ್ಟದ್ದು.

ಹೊಸ ಪಾಠ. 'ಕೈ ಮುಟ್ಟು', 'ಹುಡುಕು' ಇಂಥ ಸಣ್ಣದನ್ನು ದಿನಕ್ಕೆ ಎರಡು ಸಲ, ಮೂರರಿಂದ ಐದು ನಿಮಿಷ. ಕಿವಿ ಪೂರ್ತಿ ಹೋಗುವ ಮುಂಚೆಯೇ ಮಾತಿನ ಜೊತೆ ಕೈಸನ್ನೆ ಕಲಿಸಿಬಿಡಿ. ಆಮೇಲೆ ಅದೇ ನಿಮ್ಮಿಬ್ಬರ ಭಾಷೆ.

ಎಡವುವ ಜಾಗ ಎಲ್ಲಿ ಅಂದರೆ, ಆಟವನ್ನು ಕಷ್ಟ ಮಾಡುವುದರಲ್ಲಿ. ಹತ್ತು ಸಲದಲ್ಲಿ ಎಂಟು ಸಲ ಸಿಗಬೇಕು. ಸಿಗದೆ ನಾಯಿ ನಿಮ್ಮ ಮುಖ ನೋಡಿ ಕುಂಯ್‌ಗುಟ್ಟಿದರೆ, ಅಥವಾ ಬಿಟ್ಟು ಹೋದರೆ, ಸುಲಭ ಮಾಡಿ. ಚೆಂಡು ಎಸೆದು ಓಡಿಸುವ ಆಟ ಕೀಲುನೋವಿರುವ ನಾಯಿಗೆ ಬೇಡವೇ ಬೇಡ. ಹುಚ್ಚು ಉತ್ಸಾಹಕ್ಕೆ ಓಡುತ್ತದೆ, ಆ ರಾತ್ರಿ ನಿಮಗೆ ನಿದ್ದೆಯಿಲ್ಲ.

6. ರಾತ್ರಿಯ ಸಮಸ್ಯೆ

ರಾತ್ರಿಯನ್ನು ಸರಿಮಾಡಬೇಕಾದ್ದು ಹಗಲಿನಲ್ಲಿ. ಮಧ್ಯಾಹ್ನ ಎರಡರಿಂದ ಆರರವರೆಗೆ ಸತ್ತಂತೆ ಮಲಗುವ ನಾಯಿ ರಾತ್ರಿ ಏಳದೆ ಇನ್ನೇನು? ನಾಲ್ಕು ಗಂಟೆಗೆ ಮೆಲ್ಲಗೆ ಎಬ್ಬಿಸಿ, ಅಂಗಳದಲ್ಲಿ ಒಂದು ಸುತ್ತು, ಒಂದು ಮೂಸುವ ಆಟ. ಸಂಜೆ ಆರೂವರೆಯ ಹೊತ್ತಿಗೆ ಬಹಳ ನಾಯಿಗಳಿಗೆ ಕಳವಳ ಏರುತ್ತದೆ. ಆ ಹೊತ್ತಿಗೆ ದೀಪಗಳನ್ನು ಮುಂಚೆಯೇ ಹಾಕಿ, ಟಿವಿ ಸದ್ದು ತಗ್ಗಿಸಿ, ಯಾರಾದರೊಬ್ಬರು ಹತ್ತಿರ ಕೂತಿರಿ.

ಮಲಗುವ ಮುಂಚೆ ಕೊನೆಯದಾಗಿ ಹೊರಗೆ ಕರೆದೊಯ್ಯಿರಿ. ಹಾಸಿಗೆ ದಪ್ಪಗಿರಲಿ, ಮೂಳೆಗೆ ನೆಲ ತಾಗಬಾರದು. ಚಿಕ್ಕಮಗಳೂರು, ಕೊಡಗಿನ ಚಳಿಗೆ ಹೊದಿಕೆಯೂ ಬೇಕು. ಸಾಧ್ಯವಿದ್ದರೆ ನಿಮ್ಮ ಕೋಣೆಯಲ್ಲೋ ಬಾಗಿಲ ಹತ್ತಿರವೋ ಮಲಗಿಸಿ. ಎದ್ದಾಗ ನಿಮ್ಮ ಉಸಿರು, ವಾಸನೆ ಸಿಕ್ಕರೆ ಎಷ್ಟೋ ನಾಯಿಗಳು ತಾವೇ ಮತ್ತೆ ಮಲಗುತ್ತವೆ.

ಆದರೂ ಎದ್ದು ಬೊಗಳಿತು ಅನ್ನಿ. ಉಚ್ಚೆ, ನೀರು, ಚಳಿ, ನೋವು, ಎಲ್ಲಾದರೂ ಸಿಕ್ಕಿಹಾಕಿಕೊಂಡಿದೆಯೇ, ಇಷ್ಟನ್ನು ನೋಡಿ. ಹೊರಗೆ ಬಿಡಬೇಕಿದ್ದರೆ ಬಿಟ್ಟು, ಮಾತು ಕಡಿಮೆ, ದೀಪ ಕಡಿಮೆ, ವಾಪಸ್ ಹಾಸಿಗೆಗೆ. ಬಾಯಿ ಮುಚ್ಚಿಸಲು ಗ್ಲೂಕೋಸ್ ಬಿಸ್ಕತ್ತು ಕೊಡಬೇಡಿ. ನಾಲ್ಕು ರಾತ್ರಿ ಕೊಟ್ಟರೆ ಐದನೆಯ ರಾತ್ರಿ ಬಿಸ್ಕತ್ತಿಗೇ ಏಳುತ್ತದೆ. ಮರೆವಿದೆ ಅಂತ ಅಂದುಕೊಳ್ಳಬೇಡಿ, ಇಂಥದ್ದು ಮಾತ್ರ ಚೆನ್ನಾಗಿ ನೆನಪಿರುತ್ತದೆ! ಗದರುವುದು, ಪೇಪರ್ ಸುತ್ತಿ ಹೊಡೆಯುವುದು ಇನ್ನೂ ಕೆಟ್ಟದ್ದು. ದಿಕ್ಕು ತೋಚದೆ ಕೂಗುತ್ತಿರುವ ಜೀವಕ್ಕೆ ಭಯವನ್ನೂ ಸೇರಿಸಿದಂತೆ.

7. ಮನೆಯೊಳಗೆ ಗಲೀಜಾದರೆ

ಎದ್ದ ತಕ್ಷಣ, ಉಂಡ ಮೇಲೆ, ಮಲಗುವ ಮುಂಚೆ, ನಡುವೆ ಮೂರು ನಾಲ್ಕು ಗಂಟೆಗೊಮ್ಮೆ ಹೊರಗೆ ಕರೆದೊಯ್ಯಿರಿ. ಮರಿಯಾಗಿದ್ದಾಗ ಮಾಡುತ್ತಿದ್ದಿರಲ್ಲ, ಹಾಗೆಯೇ. ಅಪಾರ್ಟ್‌ಮೆಂಟಿನ ನಾಲ್ಕನೇ ಮಹಡಿಯಲ್ಲಿದ್ದರೆ ಬಾಲ್ಕನಿಯ ಒಂದು ಮೂಲೆಯಲ್ಲಿ ಪ್ಯಾಡೋ ಹುಲ್ಲಿನ ಟ್ರೇಯೋ ಇಡಿ.

ರಾತ್ರಿ ಉಚ್ಚೆ ಮಾಡುತ್ತದೆ ಅಂತ ನೀರಿನ ಬಟ್ಟಲು ಎತ್ತಿಡುವವರು ತುಂಬಾ ಜನ ಇದ್ದಾರೆ. ದಯವಿಟ್ಟು ಬೇಡ. ಕಿಡ್ನಿ ಸೋತ ನಾಯಿ ನೀರು ಹೆಚ್ಚು ಕುಡಿಯುವುದೇ ಬದುಕಿಕೊಳ್ಳಲು. ನೀರು ಕುಡಿಯುವುದು ಜಾಸ್ತಿಯಾಗಿದ್ದರೆ ಡಾಕ್ಟರಿಗೆ ಹೇಳಿ. ಕಿಡ್ನಿ, ಸಕ್ಕರೆ ಕಾಯಿಲೆ, ಕುಶಿಂಗ್ಸ್ ಅನ್ನುವ ಹಾರ್ಮೋನ್ ತೊಂದರೆ, ಮೂತ್ರದ ಸೋಂಕು, ಎಲ್ಲದರಲ್ಲೂ ಇದೇ ಕಾಣುತ್ತದೆ.

8. ಊಟ

ಮೂಗು ಚುರುಕಿರುವಾಗಲೂ ಹಸಿವು ಮಂದವಾಗಬಹುದು. ಊಟ ಉಗುರುಬೆಚ್ಚಗಿದ್ದರೆ ವಾಸನೆ ಏಳುತ್ತದೆ, ತಿನ್ನುತ್ತದೆ. ಕತ್ತು ಬಗ್ಗಿಸಲು ನೋವಿದ್ದರೆ ಬಟ್ಟಲನ್ನು ಒಂದು ಮಣೆಯ ಮೇಲಿಡಿ. ಮೆದುಳಿಗೆ ಒಳ್ಳೆಯದು ಅಂತ ವೈದ್ಯರು ಹೇಳುವವು ಮೀನೆಣ್ಣೆಯ ಒಮೆಗಾ-3 ಮತ್ತು ಎಂಸಿಟಿ. ಎಂಸಿಟಿ ಅಂದರೆ ಬೇಗ ಜೀರ್ಣವಾಗಿ ಮೆದುಳಿಗೆ ಇಂಧನವಾಗುವ ಒಂದು ಬಗೆಯ ಕೊಬ್ಬು. ತೆಂಗಿನೆಣ್ಣೆಯಲ್ಲಿ ಅದು ಇದೆಯಲ್ಲ ಅಂತ ಅನ್ನಕ್ಕೆ ಎರಡು ಚಮಚ ಸುರಿಯುತ್ತಾರೆ. ತೆಂಗಿನೆಣ್ಣೆಯಲ್ಲಿ ಹೆಚ್ಚಿರುವುದು ಬೇರೆ ಕೊಬ್ಬು, ಬೇಕಾದದ್ದು ಸ್ವಲ್ಪವೇ. ಕೊಬ್ಬು ಅತಿಯಾದರೆ ಭೇದಿ, ಕೆಲವು ನಾಯಿಗಳಿಗೆ ಮೇದೋಜೀರಕ ಗ್ರಂಥಿಯೇ ಊದಿಕೊಂಡು ಜೀವಕ್ಕೆ ಬರುತ್ತದೆ. ಎಷ್ಟು, ಯಾವುದು ಅಂತ ಕೇಳಿಕೊಂಡು ಕೊಡಿ.

'ಇನ್ನೆಷ್ಟು ದಿನ, ತಿನ್ನಲಿ ಬಿಡಿ' ಅಂತ ಪ್ರೀತಿಗೆ ಕೊಡುವ ಪಾಯಸದ ಒಣದ್ರಾಕ್ಷಿ, ಈರುಳ್ಳಿ ಬಿದ್ದ ಸಾರು, ಚಾಕೊಲೇಟ್ ಮೂರೂ ನಾಯಿಗೆ ವಿಷ. ಸಕ್ಕರೆಯಿಲ್ಲದ ಚೂಯಿಂಗ್ ಗಮ್‌ನಲ್ಲಿರುವ ಕ್ಸಿಲಿಟಾಲ್ ಕೂಡ.

9. ಮಾತ್ರೆ

ಮರೆವಿನ ಕಾಯಿಲೆಗೆ ಸೆಲೆಜಿಲಿನ್ ಅನ್ನುವ ಔಷಧಿ ಇದೆ. ಮನುಷ್ಯರ ಪಾರ್ಕಿನ್ಸನ್ಸ್‌ಗೂ ಕೊಡುವಂಥದ್ದು. ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 1998ರಲ್ಲಿ ನಾಯಿಗಳ ಈ ಕಾಯಿಲೆಗೆ ಒಪ್ಪಿಗೆ ಕೊಟ್ಟಿತು. ಎಲ್ಲ ನಾಯಿಗಳಿಗೂ ಕೆಲಸ ಮಾಡುವುದಿಲ್ಲ, ಮಾಡುವುದಿದ್ದರೂ ಫಲ ಕಾಣಲು ಒಂದು ತಿಂಗಳಾದರೂ ಕಾಯಬೇಕು. ಕಾಯಿಲೆಯನ್ನು ವಾಸಿ ಮಾಡುವ ಮಾತ್ರೆ ಯಾವುದೂ ಇಲ್ಲ.

ಇದರಲ್ಲಿ ನಮ್ಮವರು ಗಮನಿಸಲೇಬೇಕಾದ ಒಂದು ಅಪಾಯ ಇದೆ. ಉಣ್ಣೆಗೆ ಅಂತ ಮೈಗೆ ಸವರುವ ಅಥವಾ ನೀರಿಗೆ ಹಾಕಿ ತೊಳೆಸುವ ಅಮಿಟ್ರಾಜ್ ಔಷಧಿ, ಅದೇ ಇರುವ ಕೊರಳಪಟ್ಟಿ, ಇವು ಸೆಲೆಜಿಲಿನ್ ಜೊತೆ ಸೇರಬಾರದು. ನೋವಿನ ಟ್ರಮಡಾಲ್, ಆತಂಕಕ್ಕೆ ಕೊಡುವ ಫ್ಲುಯೊಕ್ಸೆಟಿನ್ ಬಗೆಯ ಮಾತ್ರೆಗಳೂ ಸೇರಬಾರದು. ಒಬ್ಬ ಡಾಕ್ಟರ್ ಒಂದು ಬರೆದು ಇನ್ನೊಬ್ಬರು ಇನ್ನೊಂದು ಬರೆದಾಗ ಹೀಗಾಗುವುದು. ಉಣ್ಣೆ ಔಷಧಿಯನ್ನು ಜನ 'ಔಷಧಿ' ಅಂತ ಎಣಿಸುವುದೇ ಇಲ್ಲ, ಹಾಗಾಗಿ ಹೇಳುವುದೂ ಇಲ್ಲ. ಮನೆಯಲ್ಲಿರುವ ಎಲ್ಲಾ ಬಾಟಲಿ, ಸ್ಟ್ರಿಪ್‌ಗಳ ಫೋಟೋ ತೆಗೆದು ತೋರಿಸಿ. ಅಲರ್ಜಿ ಮಾತ್ರೆ ಕೊಟ್ಟು ಮಲಗಿಸುವ ಉಪಾಯವೂ ಬೇಡ. ಅಂಥ ಕೆಲವು ಮಾತ್ರೆಗಳು ಗೊಂದಲವನ್ನೇ ಹೆಚ್ಚಿಸುತ್ತವೆ.

10. ದೀಪಾವಳಿ, ಗಣೇಶನ ಮೆರವಣಿಗೆ

ಪಟಾಕಿ, ತಮಟೆ, ಡಿಜೆ ದಿನಗಳಿಗೆ ಎರಡು ವಾರ ಮುಂಚೆ ಡಾಕ್ಟರನ್ನು ಕಂಡು ಆತಂಕ ತಗ್ಗಿಸುವ ಔಷಧಿಯ ಬಗ್ಗೆ ಕೇಳಿ. ಮನೆಯಲ್ಲಿ ಮೊದಲೊಮ್ಮೆ ಕೊಟ್ಟು ನೋಡಲು ಸಮಯ ಬೇಕು. ಅಸೆಪ್ರೊಮಜೀನ್ ಅನ್ನುವ ಮಂಪರಿನ ಔಷಧಿ ಒಂದನ್ನೇ ಕೊಟ್ಟರೆ ನಾಯಿ ಅಲುಗಾಡದೆ ಬಿದ್ದಿರುತ್ತದೆ, ಭಯ ಮಾತ್ರ ಒಳಗೆ ಹಾಗೇ ಇರುತ್ತದೆ. ಇದು ಶಾಂತಿಯಲ್ಲ, ಹಾಗಾಗಿ ಬೇರೆ ಇದೆಯೇ ಅಂತ ಕೇಳಿ. ಒಳಕೋಣೆ, ಪರದೆ, ಫ್ಯಾನಿನ ಸದ್ದು, ಪಕ್ಕದಲ್ಲಿ ಒಬ್ಬರು. ಹೆದರಿದಾಗ ಮುದ್ದು ಮಾಡಿದರೆ ಭಯ ಜಾಸ್ತಿಯಾಗುತ್ತೆ ಅನ್ನುವ ಮಾತು ಸುಳ್ಳು, ಬೇಕಿದ್ದರೆ ತಬ್ಬಿಕೊಳ್ಳಿ.

11. ಒಳ್ಳೆಯ ದಿನ, ಕೆಟ್ಟ ದಿನದ ಲೆಕ್ಕ ಇಡಿ

ಕ್ಯಾಲೆಂಡರಿನಲ್ಲಿ ಪ್ರತಿ ರಾತ್ರಿ ಒಂದು ಗುರುತು ಹಾಕಿ. ಒಳ್ಳೆಯ ದಿನಕ್ಕೆ ಒಂದು, ಕೆಟ್ಟದ್ದಕ್ಕೆ ಇನ್ನೊಂದು. ಪಶುವೈದ್ಯೆ ಆಲಿಸ್ ವಿಲ್ಲಲೋಬೋಸ್ ಅವರು ಮಾಡಿಕೊಟ್ಟ ಒಂದು ಅಳತೆಯೂ ಇದೆ. ನೋವು ಹಿಡಿತದಲ್ಲಿದೆಯೇ, ಹಸಿವು, ನೀರು, ಸ್ವಚ್ಛತೆ, ಸಂತೋಷ, ಓಡಾಟ, ಕೆಟ್ಟದ್ದಕ್ಕಿಂತ ಒಳ್ಳೆಯ ದಿನ ಹೆಚ್ಚೇ ಅನ್ನುವ ಏಳಕ್ಕೂ ಹತ್ತರಲ್ಲಿ ಅಂಕ ಕೊಡುವುದು. ಒಟ್ಟು 35 ದಾಟಿದ್ದರೆ ಬದುಕು ಸಹನೀಯ ಅಂತ ಲೆಕ್ಕ. ಮನೆಯ ಇಬ್ಬರು ಬೇರೆ ಬೇರೆಯಾಗಿ ಅಂಕ ಕೊಟ್ಟು ಆಮೇಲೆ ತಾಳೆ ನೋಡಿ. ಅಂಕ ಇಳಿಯುತ್ತಾ ಹೋದರೆ ನೋವಿಲ್ಲದೆ ಕಳಿಸಿಕೊಡುವ ವಿಷಯವನ್ನು ಡಾಕ್ಟರ ಹತ್ತಿರ ಮಾತಾಡಿ. ಪಾಪ ಪುಣ್ಯದ ಮಾತು ನೆಂಟರು ಆಡುತ್ತಾರೆ, ಆದರೆ ರಾತ್ರಿ ಎದ್ದು ನೋಡುವವರು ಅವರಲ್ಲ.

ಇನ್ನುಳಿದ ಪ್ರಶ್ನೆಗಳು

'ಜೊತೆಗೆ ಒಂದು ಮರಿ ತಂದರೆ ಚುರುಕಾಗುತ್ತಾ?' ಬಹಳ ಸಲ ಇಲ್ಲ. ಮರಿ ಬಾಲ ಕಚ್ಚುತ್ತದೆ, ಊಟಕ್ಕೆ ಬಾಯಿ ಹಾಕುತ್ತದೆ, ಹಿರಿಯದು ಮಂಚದ ಕೆಳಗೆ ಸೇರುತ್ತದೆ. ನೋವು, ಗೊಂದಲ ಇರುವ ನಾಯಿಗೆ ಮರಿ ತರಬೇಡಿ.

'ಮದುವೆಗೆ ಊರಿಗೆ ಹೋಗ್ಬೇಕು, ಬೋರ್ಡಿಂಗಿಗೆ ಬಿಡಬಹುದಾ?' ದಿಕ್ಕು ತಪ್ಪುವ ನಾಯಿಗೆ ಹೊಸ ಜಾಗ ತುಂಬಾ ಕಷ್ಟ. ಗೊತ್ತಿರುವವರು ನಿಮ್ಮ ಮನೆಗೇ ಬಂದು ಇರುವ ಏರ್ಪಾಡು ಮೊದಲ ಆಯ್ಕೆ. ಅವರಿಗೆ ದಿನದ ಹೊತ್ತುಗಳ ಪಟ್ಟಿ, ಮಾತ್ರೆ, ಡಾಕ್ಟರ ನಂಬರ್ ಬರೆದುಕೊಡಿ, ಹೊರಡುವ ಹಿಂದಿನ ದಿನ ಒಂದು ರಾತ್ರಿ ನಿಮ್ಮ ಜೊತೆಯೇ ಇದ್ದು ನೋಡಲಿ.

'ಮನೆಯಲ್ಲಿ ನಾನೊಬ್ಬಳೇ ಏಳೋದು, ನಿದ್ದೆಯಿಲ್ಲದೆ ಸಾಕಾಗಿದೆ.' ವಾರಕ್ಕೆ ಎರಡು ರಾತ್ರಿಯಾದರೂ ಬೇರೆಯವರು ಎದ್ದು ನೋಡಿಕೊಳ್ಳಲಿ, ಅವತ್ತು ನೀವು ಇನ್ನೊಂದು ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಮಲಗಿ. ಈ ಮಾತನ್ನು ಡಾಕ್ಟರಿಗೂ ಹೇಳಿ. ಮನೆಯವರ ನಿದ್ದೆ ಕೆಟ್ಟಿದೆ ಅಂತ ತಿಳಿದರೆ ರಾತ್ರಿಯ ಔಷಧಿಯನ್ನು ಅವರು ಇನ್ನೊಮ್ಮೆ ಯೋಚಿಸುತ್ತಾರೆ.